ಮಡಿವಾಳಪ್ಪನ ಲಿಂಬೆಗಿಡಕ್ಕೆ ಅಂಟು ಬಂದದ್ದು

ಅರ್ಧ ಮಾತು ಕೇಳಿ ಪೂರ್ತಿ ವಿಷಯ ತಿಳಿದುಕೊಳ್ಳುವ ಶಕ್ತಿ ಇಡೀ ಇಂಡಿ ತಾಲೂಕಿನಲ್ಲಿ ಮಡಿವಾಳಪ್ಪನಿಗೆ ಇದ್ದಷ್ಟು ಬೇರೆ ಯಾರಿಗೂ ಇರಲಿಲ್ಲ. ಉಳಿದವರು ಪೂರ್ತಿ ಕೇಳಿ ಅರ್ಧ ತಿಳಿದುಕೊಳ್ಳುವವರು. ಹೀಗಾಗಿ ಅವನಿಗೂ ಊರಿಗೂ ಯಾವಾಗಲೂ ಸ್ವಲ್ಪ ಅಂತರ ಉಳಿದೇ ಇತ್ತು.

ಅವನ ಹತ್ತಿರ ತೊಗಲಿನ ಚೀಲ ತೊಡಿಸಿದ ಒಂದು ರೇಡಿಯೋ ಇತ್ತು. ಅದಕ್ಕೆ ಹೊಸ ಸೆಲ್ಲು ಕೊಳ್ಳುವುದೆಂದರೆ ಅವನ ಪ್ರಕಾರ ಸೆಲ್ಲಿನ ಕಂಪನಿಯವರಿಗೆ ಸೋತಂತೆ. ಸತ್ತ ಸೆಲ್ಲುಗಳನ್ನು ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಬಿಸಿಲಿಗೆ ಒಣಗಿಸಿ, ಹಲ್ಲಿನಿಂದ ಒಂದೊಂದು ಸಲ ಕಚ್ಚಿ, ಮತ್ತೆ ತುರುಕುತ್ತಿದ್ದ. ರೇಡಿಯೋ ಒಂದಿಷ್ಟು ಹೊತ್ತು ಮಾತಾಡಿ, ನರಳಿ, ಸುಮ್ಮನಾಗುತ್ತಿತ್ತು. ಮುಂದಿನದನ್ನು ಮಡಿವಾಳಪ್ಪ ತಾನೇ ತುಂಬಿಕೊಳ್ಳುತ್ತಿದ್ದ.

ಊರಿಗೆ ಮೊದಲ ಎಸ್.ಟಿ.ಡಿ. ಬೂತು ಬಂದ ವರ್ಷ, ಮಳೆ ಹಿಂದೆ ಸರಿಯುತ್ತಿದ್ದ ಕಾಲಕ್ಕೆ, ಒಂದು ಸಂಜೆ ಆ ರೇಡಿಯೋದಲ್ಲಿ ರೈತರ ಕಾರ್ಯಕ್ರಮ ಬಂತು. ಯಾರೋ ಒಬ್ಬರು ಗಿಡಮರಗಳ ಅಂಟು, ಹಾಲು, ರಾಳಗಳಿಂದ ಏನೇನು ತಯಾರಿಸಬಹುದು ಎಂದು ಹೇಳುತ್ತಿದ್ದರು. ಜಾಲಿಯ ಅಂಟಿನಿಂದ ಉಂಡಿ, ಬೇವಿನ ಅಂಟಿನಿಂದ ಕಾಗದ ಹಚ್ಚುವ ಗೋಂದು, ದೇವರ ಮುಂದೆ ಹಾಕುವ ಧೂಪ, ಎಲ್ಲವೂ ಗಿಡದ ಮೈಯಿಂದಲೇ ಬಂದದ್ದು ಎಂದರು. ಮಡಿವಾಳಪ್ಪ ಬೆರಗಾಗಿ ರೇಡಿಯೋವನ್ನು ಕಿವಿಗೇ ಒತ್ತಿ ಹಿಡಿದ. "ಆದರೆ ರೈತ ಬಾಂಧವರೇ, ಎಲ್ಲಾ ಗಿಡದ ಅಂಟೂ..." ಎನ್ನುವಷ್ಟರಲ್ಲಿ ರೇಡಿಯೋ ನರಳಿತು, ಸತ್ತಿತು.

"ಎಲ್ಲಾ ಗಿಡದ ಅಂಟೂ ಬಂಗಾರ" ಎಂದು ಮಡಿವಾಳಪ್ಪ ವಾಕ್ಯ ಪೂರ್ತಿ ಮಾಡಿಕೊಂಡ.

ಮರುದಿನ ಮುಂಜಾನೆ ತೋಟಕ್ಕೆ ಹೋದವನಿಗೆ ಬಾವಿಯ ಪಕ್ಕದ ಲಿಂಬೆಗಿಡದ ಬೊಡ್ಡೆಯಲ್ಲಿ ಜೇನಿನ ಬಣ್ಣದ ಹನಿಗಳು ಬಿಸಿಲಿಗೆ ಹೊಳೆಯುತ್ತಿದ್ದುದು ಕಂಡಿತು. ಮುಟ್ಟಿದ. ಅಂಟಿತು. ಮೂಸಿದ. ಕೊನೆಗೆ ಗಿಡವನ್ನು ತಬ್ಬಿ ನಾಲಿಗೆಯನ್ನೇ ಹಚ್ಚಿದ.

ಬುತ್ತಿ ತಂದಿದ್ದ ಹೆಂಡತಿ ಇಂದುಬಾಯಿ ಹಿಂದೆ ಬಂದು ನಿಂತಿದ್ದಳು. "ಏನ್ರಿ ಇದು, ಮುಂಜಾನೆದ್ದು ನನ್ನ ಗಿಡಾ ನೆಕ್ಕಾಕತ್ತೀರಿ?"

'ನನ್ನ ಗಿಡ' ಎಂದದ್ದು ಸುಮ್ಮನೆ ಅಲ್ಲ. ತೋಟದಲ್ಲಿ ಎಷ್ಟೇ ಗಿಡಗಳಿರಲಿ, ಬಾವಿಯ ಪಕ್ಕದ ಗಿಡ ಅವಳದು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳ ಕೈಯಿಂದ ನೆಡಿಸಿದ್ದು. ಅದರ ಹಣ್ಣನ್ನು ಅವಳೇ ಕೀಳಬೇಕು, ಅವಳೇ ಮಾರಬೇಕು. ಊರಿನಲ್ಲಿ ಯಾರ ಮನೆಯ ಉಪ್ಪಿನಕಾಯಿ ಚೆನ್ನಾಗಿದ್ದರೂ ಅದು ಇಂದುಬಾಯಿಯ ಗಿಡದ ಹಣ್ಣೇ ಆಗಿರುತ್ತಿತ್ತು. ಗಂಡನಿಗೆ ಆ ಗಿಡದ ನೆರಳಲ್ಲಿ ಕೂಡುವುದಕ್ಕಷ್ಟೇ ಹಕ್ಕು.

"ನಿನ್ನ ಗಿಡಾ ಅಂಟು ಕೊಡಾಕತ್ತೈತಿ. ಇನ್ನ ನೋಡು, ಹಣ್ಣು ಬ್ಯಾರೆ, ಅಂಟು ಬ್ಯಾರೆ. ಎರಡು ಬೆಳಿ."

"ಅಂಟು ಬೇಕಂದ್ರ ಒಡ್ಡಿನ ಮ್ಯಾಲಿನ ಜಾಲಿಗೆ ಬೇಕಾದಷ್ಟು ಐತಲ್ರಿ. ಅತ್ತಿ ಅದನ್ನ ಹುರದ ಉಂಡಿ ಕಟ್ಟತಿದ್ಲು."

"ಜಾಲಿ ಅಂಟು ಊರಿಗೆಲ್ಲಾ ಐತಿ. ಲಿಂಬಿ ಅಂಟು ಯಾರಿಗೈತಿ ಹೇಳು."

ಆ ಮಾತೇನೋ ಸರಿ. ನಿಜವಾಗಿಯೂ ಯಾರಿಗೂ ಇರಲಿಲ್ಲ.

ಮಡಿವಾಳಪ್ಪ ಅಂಟನ್ನು ಕೆರೆದು, ನೀರಿನಲ್ಲಿ ಕುದಿಸಿ, ಹಳೆಯ ಧೋತರದ ತುಂಡಿನಲ್ಲಿ ಸೋಸಿ, ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ತುಂಬಿದ. ಊರಿನ ಅಂಚೆ ನೋಡಿಕೊಳ್ಳುತ್ತಿದ್ದ ಜೈನುದ್ದೀನನಿಗೆ ಮೊದಲ ಬಾಟಲಿ ಒಯ್ದು ಕೊಟ್ಟ. ಜೈನುದ್ದೀನನ ಗೋಂದಿನ ಬಾಟಲಿ ಒಣಗಿ ವರ್ಷಗಳೇ ಆಗಿದ್ದವು. ಅವನು ಸ್ಟಾಂಪಿಗೆ ಉಗುಳು, ಪಾಕೀಟಿಗೆ ಅನ್ನದ ಅಗುಳು ಎಂದು ನಡೆಸಿಕೊಂಡು ಬಂದಿದ್ದ.

ವಾರ ಬಿಟ್ಟು ಜೈನುದ್ದೀನ ಸೈಕಲ್ಲು ನಿಲ್ಲಿಸಿ ಮಡಿವಾಳಪ್ಪನ ಕಟ್ಟೆಯ ಮೇಲೆ ಕುಳಿತ.

"ಮಾಲು ಹ್ಯಾಂಗೈತಿ ಜೈನುದ್ದೀನ?"

"ಅಂಟತೈತ್ರಿ ಗೌಡ್ರ. ಅದರ ಬಗ್ಗೆ ಎರಡ ಮಾತಿಲ್ಲ. ತಿಪ್ಪವ್ವ ಯಂಕಂಚಿಯೊಳಗಿನ ಮಗಳಿಗೆ ಪತ್ರಾ ಬರಸಿದ್ಲು. ಪಾಕೀಟು ಹಚ್ಚಿದೆ. ಬಾಯಿ ಮುಚ್ಚಿತು, ಅದರ ಕೂಡ ಒಳಗಿನ ಪತ್ರಾನೂ ಪಾಕೀಟಿಗೆ ಹತ್ತಿತು. ಮಗಳು ಅದನ್ನ ಬಿಸಿಲಿಗೆ ಹಿಡದು, ಎಕ್ಸರೇ ನೋಡಿಧಂಗ ನೋಡಿ ಓದ್ಯಾಳಂತ. ಅವ್ವಗ ಆರಾಮ ಐತಿ ಅನ್ನೂದು ತಿಳದೈತಿ, ಯಾವ ಅವ್ವಗ ಅನ್ನೂದು ತಿಳದಿಲ್ಲ. ನಮ್ಮ ಬೂತಿಗೆ ಅಕೀ ಫೋನು ಬಂದಿತ್ತು."

"ಹಂಗಾದ್ರ ಭಾಳ ಗಟ್ಟಿ ಆಗೇತಿ. ನೀರು ಹೆಚ್ಚಿಗಿ ಹಾಕಬೇಕು" ಎಂದು ಮಡಿವಾಳಪ್ಪ ವಿಜ್ಞಾನಿಯ ಮುಖ ಮಾಡಿದ.

ಎರಡನೆಯ ಪ್ರಯೋಗ ಮನಗೂಳಿಯಿಂದ ಬಂದಿದ್ದ ಸಿದ್ದಾರೂಢನ ಮೇಲೆ ಆಯಿತು. ಅವನು ಇಂದುಬಾಯಿಯ ತಮ್ಮ. ಬಿಳಿ ಟೋಪಿ ಇಲ್ಲದೆ ಹೊರಗೆ ಕಾಲಿಡುವವನಲ್ಲ. ಅಕ್ಕ ಒಗೆದು ಹಾಕಿದ್ದ ಟೋಪಿಗೆ ಗಂಜಿಯ ಬದಲು ಮಡಿವಾಳಪ್ಪ ತನ್ನ ಅಂಟಿನ ನೀರು ಕುಡಿಸಿದ. ಟೋಪಿ ಹಲಗೆಯಂತೆ ನಿಂತಿತು. ಅದನ್ನು ತೊಟ್ಟು ಟೆಂಪೋ ಹತ್ತಿದ ಸಿದ್ದಾರೂಢನನ್ನು ನೋಡಿ, ಪುಢಾರಿ ಇರಬೇಕೆಂದು ಒಬ್ಬರು ಸೀಟು ಬಿಟ್ಟುಕೊಟ್ಟರು. ಮಧ್ಯಾಹ್ನದ ಬಿಸಿಲಿಗೆ ಬೆವರು ಇಳಿಯಿತು, ಅಂಟು ಕರಗಿತು, ಸಂಜೆಯ ತಂಪಿಗೆ ಮತ್ತೆ ಬಿಗಿಯಿತು. ಗುಡಿಯ ಮುಂದೆ ಟೋಪಿ ತೆಗೆದು ಕೈಮುಗಿಯಲು ಹೋದರೆ ಟೋಪಿಯ ಜೊತೆ ಕೂದಲೂ ಏಳತೊಡಗಿತು. ಟೋಪಿ ತೊಟ್ಟೇ ಉಂಡು, ಟೋಪಿ ತೊಟ್ಟೇ ಮಲಗಿ, ಮರುದಿನ ಅದರ ಸಮೇತ ಬಿಸಿನೀರಿನಲ್ಲಿ ತಲೆ ನೆನೆಹಾಕಿದ.

ಬೂತಿಗೆ ಸಿದ್ದಾರೂಢನ ಫೋನು ಬಂತು. ಬೈಗುಳಕ್ಕೆ ಸಿದ್ಧನಾಗಿ ಮಡಿವಾಳಪ್ಪ ರಿಸೀವರನ್ನು ಕಿವಿಯಿಂದ ಗೇಣು ದೂರ ಹಿಡಿದ.

"ಮಾಮಾ, ಆ ಅಂಟಿನ ನೀರು ಇನ್ನೊಂದು ಬಾಟ್ಲಿ ಸಿಗತೈತೇನು? ನಮ್ಮ ಊರಾಗ ನನಗ ಆಗಲಾರದಾವ ಒಬ್ಬಾವ ಅದಾನ. ಅವನೂ ಟೋಪಿ ಹಾಕತಾನ."

ಹೀಗೆ ಗಿರಾಕಿ ಹುಟ್ಟಿದ. ಗಿರಾಕಿಯ ಬೆನ್ನಿಗೆ ಹೆಸರು ಹುಟ್ಟಿತು. ಲಿಂಬೆಗಿಡಕ್ಕೆ ಅಂಟು ಬಂದದ್ದನ್ನು ನೋಡಲು ಜನ ಬರತೊಡಗಿದರು. ಬಂದವರು ಮುಟ್ಟಿದರು, ಮೂಸಿದರು, ಬೆರಳುಗಳನ್ನು ಒಂದಕ್ಕೊಂದು ಅಂಟಿಸಿ ಬಿಡಿಸಿ ನೋಡಿದರು. ಒಬ್ಬರು ಮೀಸೆಗೆ ಹಚ್ಚಿಕೊಂಡು ನಿಲ್ಲಿಸಿಕೊಂಡೇ ಹೋದರು.

ಇದರಿಂದ ನಿದ್ದೆ ಕೆಟ್ಟದ್ದು ಬದುವಿನ ಆಚೆಯ ಮಲ್ಲಣ್ಣನಿಗೆ. ಅವನದೂ ಲಿಂಬೆಯ ತೋಟ. ಎಲೆ ಹಸಿರು, ಕಾಯಿ ಗೊಂಚಲು ಗೊಂಚಲು, ಬೊಡ್ಡೆ ಒಣಗಿ ಸ್ವಚ್ಛ. ಒಂದು ಹನಿ ಅಂಟು ಇಲ್ಲ. ಇಷ್ಟು ವರ್ಷ ಹೆಮ್ಮೆಪಟ್ಟಿದ್ದ ಗಿಡಗಳನ್ನು ಈಗ ಅವನು ಹಾಲು ಕೊಡದ ಎಮ್ಮೆಯನ್ನು ನೋಡುವ ಹಾಗೆ ನೋಡತೊಡಗಿದ.

"ಮಡಿವಾಳಪ್ಪ, ನಾವಿಬ್ರೂ ಒಂದ ಸಾಲಿಯೊಳಗ ಕಲತವರು" ಎಂದು ಒಂದು ದಿನ ಬದು ದಾಟಿ ಬಂದ. "ಅಂಟು ಹ್ಯಾಂಗ ತರಸ್ದಿ, ಹೇಳು."

ಹೇಗೆ ಬಂತೆಂದು ಮಡಿವಾಳಪ್ಪನಿಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವನ ಅಭ್ಯಾಸದಲ್ಲಿರಲಿಲ್ಲ. ಈ ಸಲ ತಾನು ಏನು ಮಾಡಿದೆ ಎಂದು ಯೋಚಿಸಿದ. ಸೋಮಾರಿತನದಿಂದ ಬಾವಿಯ ನೀರು ಬೊಡ್ಡೆಯಲ್ಲೇ ನಿಲ್ಲಲು ಬಿಟ್ಟಿದ್ದ. ಗೊಬ್ಬರವನ್ನು ಹರಡದೆ ಬೊಡ್ಡೆಗೇ ಸುರಿದಿದ್ದ. ಕುಂಟೆ ಹೊಡೆಯುವಾಗ ತೊಗಟೆಗೆ ತಾಗಿಸಿದ್ದ.

"ಮೂರು ಗುಟ್ಟು ಅದಾವ" ಎಂದ ಗಂಭೀರವಾಗಿ. "ನೀರು ಬೊಡ್ಡಿಗೆ ನಿಂತಿರಬೇಕು. ಗೊಬ್ಬರಾ ಬೊಡ್ಡಿಗೆ ಏರಿಸಬೇಕು. ಕಡೀಕ, ತೊಗಟಿಗೆ ಕುಡಗೋಲಿಂದ ಗಾಯಾ ಮಾಡಬೇಕು."

ಮಲ್ಲಣ್ಣ ಅಂದೇ ನೀರು ಬಿಟ್ಟ. ಗೊಬ್ಬರ ಏರಿಸಲು ಆಳು ಹಚ್ಚಿದ. ಗಾಯ ಮಾಡುವುದು ದೊಡ್ಡ ಕೆಲಸವಾದ್ದರಿಂದ ಸೋಮವಾರದ ಮುಹೂರ್ತ ಇಟ್ಟುಕೊಂಡ.

ಇತ್ತ ಬಾವಿಯ ಪಕ್ಕದ ಗಿಡದ ಎಲೆಗಳು ಒಂದೊಂದಾಗಿ ಹಳದಿಯಾಗತೊಡಗಿದವು. ಇಂದುಬಾಯಿ ಉದುರಿದ ಎಲೆಗಳನ್ನು ಸೆರಗಿನಲ್ಲಿ ತಂದು ಗಂಡನ ಮುಂದೆ ಸುರಿದಳು.

"ಅಂಟು ಕೊಡೂದಂದ್ರ ಸಣ್ಣ ಮಾತೇನು? ದಣಿತೈತಿ" ಎಂದ ಮಡಿವಾಳಪ್ಪ.

"ನೋಡ್ರಿ, ನನ್ನ ಗಿಡಾ ಒಣಗಿತಂದ್ರ ನಾ ಮನಗೂಳಿಗೆ ಹೊಕ್ಕೇನಿ. ಅತ್ತಿ ಕೊಟ್ಟದ್ದು ಅದೊಂದ ನನಗ. ನೀವು ಅಂಟು ಕುದಿಸಿಕೊಂಡು, ಅದನ್ನ ಉಂಡು, ಇಲ್ಲೇ ಹತ್ತಿಕೊಂಡು ಕುಂಡ್ರಿ."

ಅವಳು ಕೂಗಿ ಹೇಳಿದ್ದರೆ ಅವನು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು. ಅವತ್ತು ಅವನು ಅಂಟು ಕೆರೆಯಲಿಲ್ಲ. ಗಿಡದ ಸುತ್ತ ಸುಮ್ಮನೆ ತಿರುಗಾಡಿದ.

ಅಷ್ಟರಲ್ಲಿ ಜೈನುದ್ದೀನ ಟಪಾಲು ಚೀಲದ ಜೊತೆ ಸುದ್ದಿಯನ್ನೂ ಇಂಡಿಗೆ ಮುಟ್ಟಿಸಿದ್ದ. ಅಲ್ಲಿ ತೋಟಗಾರಿಕೆ ಇಲಾಖೆಯ ಅನೀಲಕುಮಾರ ಎಂಬ ಹೊಸ ಅಧಿಕಾರಿಯ ಕಿವಿಗೆ, ಇಂಥ ಊರಲ್ಲಿ ಲಿಂಬೆಗೆ ಅಂಟು ಬಂದಿದೆ ಎಂಬ ಮಾತು ಬಿತ್ತು. ಅವನು ಊಟ ಬಿಟ್ಟು ಮೋಟಾರ್ ಸೈಕಲ್ಲು ಹತ್ತಿದ.

ಸಾಹೇಬರು ಬರುತ್ತಾರೆಂದು ಬೂತಿನ ಫೋನಿನಿಂದ ತಿಳಿದ ಮಡಿವಾಳಪ್ಪ ಚೆಂಡುಹೂವಿನ ಮಾಲೆ ಕಟ್ಟಿಸಿದ. ಊರ ಮಂದಿ ತೋಟಕ್ಕೆ ಬಂದರೆ ಗುಟ್ಟು ರಟ್ಟಾಗುತ್ತದೆಂದು, ಎಲ್ಲರನ್ನೂ ಬೇಲಿಯ ಹೊರಗೇ ನಿಲ್ಲಿಸಿದ. ಮಲ್ಲಣ್ಣ ಬೇಲಿಗೆ ಮುಖ ತುರುಕಿ ನಿಂತ. ಅಲ್ಲಿಂದ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ.

ಅನೀಲಕುಮಾರ ಇಳಿಯುವ ಮೊದಲೇ ಕೊರಳಿಗೆ ಮಾಲೆ ಬಿತ್ತು.

"ಇದೆಲ್ಲಾ ಯಾಕ್ರಿ? ಮೊದಲ ಹೇಳ್ರಿ, ಎಷ್ಟು ಗಿಡಕ್ಕ ಬಂದೈತಿ?"

"ಸದ್ಯ ಒಂದಕ್ಕ ಬಂದೈತ್ರಿ ಸಾಹೇಬ್ರ. ದೇವರ ದಯಾ ಇದ್ರ ದೀಪಾವಳಿ ಅನ್ನೂದ್ರಾಗ ಪೂರಾ ತ್ವಾಟಕ್ಕ ಬರ್ತೈತಿ."

"ಪೂರಾ ತ್ವಾಟಕ್ಕ?"

"ಬರೇ ದೇವರ ಮ್ಯಾಲ ಬಿಟ್ಟಿಲ್ರಿ. ನಮ್ಮ ಪ್ರಯತ್ನಾನೂ ಐತಿ. ಬೊಡ್ಡಿಗೆ ನೀರು ನಿಲ್ಲಿಸೇನಿ, ಗೊಬ್ಬರಾ ಏರಿಸೇನಿ."

ಅನೀಲಕುಮಾರ ಮೆಲ್ಲಗೆ ಹೆಲ್ಮೆಟ್ಟು ತೆಗೆದ. "ಬಾಜೂಕಿನ ತ್ವಾಟಕ್ಕ ಬಂದಿಲ್ಲಲ್ಲ?"

"ಇಲ್ರಿ, ಪಾಪ. ಭಾಳ ಮನಸಿಗೆ ಹಚಿಗೊಂಡಾನ. ನಾನ ಧೈರ್ಯಾ ಹೇಳೇನಿ, ನಿನ್ನ ಗಿಡಕ್ಕೂ ಬರೂವಂಗ ಮಾಡ್ತೇನಿ ಅಂತ."

ಅನೀಲಕುಮಾರ ಕೆಲಸಕ್ಕೆ ಸೇರಿದ ಮೇಲೆ ರೋಗ ಮುಚ್ಚಿಡುವ ರೈತರನ್ನು ನೋಡಿದ್ದ, ರೋಗಕ್ಕೆ ಅಳುವ ರೈತರನ್ನು ನೋಡಿದ್ದ. ಅದನ್ನು ಪ್ರಸಾದದ ಹಾಗೆ ಹಂಚುವ ರೈತನನ್ನು ನೋಡಿದ್ದು ಇದೇ ಮೊದಲು. ಬಾವಿಯ ಪಕ್ಕದ ಗಿಡದ ಬೊಡ್ಡೆಗೆ ಕುಕ್ಕರಗಾಲಿನಲ್ಲಿ ಕುಳಿತು, ಚಾಕುವಿನಿಂದ ತೊಗಟೆಯ ಸಣ್ಣ ಚೂರು ಎಬ್ಬಿಸಿದ. ಒಳಗೆ ಕಂದು ಬಣ್ಣಕ್ಕೆ ತಿರುಗಿ ಕೊಳೆತಿತ್ತು.

"ಯಜಮಾನ್ರ, ಇದು ಬೆಳಿ ಅಲ್ರಿ. ಅಂಟು ರೋಗ. ಗಿಡಾ ಅಂಟು ಕೊಡಾಕತ್ತಿಲ್ಲ, ಅಳಾಕತ್ತೈತಿ."

ಮಡಿವಾಳಪ್ಪ ಕೈಮುಗಿದ. ಏನು ಮಾಡಬೇಕೆಂದು ತಿಳಿಯದಿದ್ದಾಗ ಅವನ ಕೈಗಳು ತಾವೇ ಮುಗಿಯುತ್ತಿದ್ದವು. ಬೇಲಿಯ ಆಚೆ ಮಂದಿ, ಪ್ರಶಸ್ತಿ ಬಂತೆಂದು ಪಿಸುಗುಟ್ಟಿದರು.

"ಖರೇ ಏನ್ರಿ? ಆದ್ರ ರೇಡಿಯೋದಾಗ ಹೇಳಿದ್ರಲ್ರಿ, ಎಲ್ಲಾ ಗಿಡದ ಅಂಟೂ..."

"ಆ ರೇಡಿಯೋದಾಗ ಮಾತಾಡಿದಾವ ನಾನ ರಿ. 'ಎಲ್ಲಾ ಗಿಡದ ಅಂಟೂ ಚೊಲೋದಲ್ಲ, ಲಿಂಬಿಗೆ ಅಂಟು ಬಂದ್ರ ಅದು ರೋಗ, ತಕ್ಷಣ ಆಫೀಸಿಗೆ ಬರ್ರಿ' ಅಂದಿದ್ದೆ."

"ಅಷ್ಟರಾಗ ನಿಮ್ಮ ದನಿ ಹೋತಲ್ರಿ ಸಾಹೇಬ್ರ."

"ನನ್ನ ದನಿ ಹೋಗಿಲ್ರಿ. ನಿಮ್ಮ ಸೆಲ್ಲು ಹೋಗ್ಯಾವ."

ಗಿಡದ ಪಕ್ಕ ನಿಂತಿದ್ದ ಇಂದುಬಾಯಿಗೆ ದನಿಯೂ ಬೇಡ, ಸೆಲ್ಲೂ ಬೇಡ. "ಸಾಹೇಬ್ರ, ನನ್ನ ಗಿಡಾ ಉಳೀತೈತೇನ್ರಿ?" ಎಂದಳು.

"ಬೇರು ಇನ್ನೂ ಗಟ್ಟಿ ಐತ್ರಿ ತಾಯಿ. ತಡಾ ಮಾಡಬ್ಯಾಡ್ರಿ. ಗೊಬ್ಬರಾ ಬೊಡ್ಡಿಯಿಂದ ದೂರ ಎಳೀರಿ. ಸುತ್ತ ಮಣ್ಣು ಏರಿಸಿ, ನೀರು ಬೊಡ್ಡಿಗೆ ತಾಕಧಂಗ ಮಾಡ್ರಿ. ಕೊಳತ ತೊಗಟಿ ಕೆರದು, ಅಂಟಿನ ಸಮೇತ ಸುಟ್ಟುಬಿಡ್ರಿ. ಆಮ್ಯಾಲ ಮೈಲುತುತ್ತ, ಸುಣ್ಣಾ ಕಲಸಿ ಬೊಡ್ಡಿಗೆ ಹಚ್ರಿ. ಚೊಲೋ ಗಿಡಕ್ಕ ಹಚ್ಚಿದ್ರೂ ಚೊಲೋನ, ರೋಗಾ ಹತ್ರ ಬರೂದಿಲ್ಲ." ಎರಡನ್ನೂ ಎಷ್ಟೆಷ್ಟು ಹಾಕಬೇಕು, ಹೇಗೆ ಕಲಸಬೇಕು ಎಂದು ನಿಧಾನವಾಗಿ ತಿಳಿಸಿ, ಮಾಲೆಯನ್ನು ಕೊರಳಲ್ಲೇ ಮರೆತು, ಮುಂದಿನ ಊರಿಗೆ ಹೊರಟುಹೋದ.

ಮೋಟಾರ್ ಸೈಕಲ್ಲಿನ ಹೊಗೆ ಇಳಿಯುವ ಮೊದಲೇ ಮಡಿವಾಳಪ್ಪನಿಗೆ ಸೋಮವಾರದ ನೆನಪಾಯಿತು. ಮಲ್ಲಣ್ಣನ ಕುಡುಗೋಲು ನೆನಪಾಯಿತು. ಓಡಿಹೋಗಿ ಬದುವಿನ ಮೇಲೆ ನಿಂತ.

"ಮಲ್ಲಣ್ಣ, ನಾ ಹೇಳಿದ್ದೆಲ್ಲಾ ಸುಳ್ಳಪಾ. ಅದು ರೋಗಂತ. ಸಾಹೇಬ್ರ ಹೇಳ್ಯಾರ. ನೀರು ಕಟ್ ಮಾಡು, ಗಾಯಾ ಮಾಡಬ್ಯಾಡ."

ಮಲ್ಲಣ್ಣ ನಕ್ಕ. "ಹಿಂಗ ಹೇಳ್ತಿ ಅಂತ ನನಗ ಗೊತ್ತಿತ್ತು. ಮಾಲಿ ಹಾಕಿಸಿಕೊಂಡ ಸಾಹೇಬ್ರು ರೋಗಾ ಅಂತಾರೇನು? ನೀ ಕೈಮುಗದದ್ದು ನೋಡೇನಿ ನಾ."

"ನಮ್ಮವ್ವನ ಆಣಿಗೂ ರೋಗ."

"ಆತು, ರೋಗಾನ ಇರ್ಲಿ. ನಿನಗ ಬಂದ ರೋಗಾ ನನಗ್ಯಾಕ ಬರಬಾರದು? ನನಗೂ ಅದ ರೋಗಾ ಬೇಕು."

ಜೀವನದಲ್ಲಿ ಮೊದಲ ಸಲ ಪೂರ್ತಿ ಕೇಳಿ, ಪೂರ್ತಿ ತಿಳಿದು, ಪೂರ್ತಿ ನಿಜ ಹೇಳಿದ ಮಡಿವಾಳಪ್ಪ ಸೋತು ಮನೆಗೆ ಬಂದು ಕುಳಿತ. ತನ್ನ ಗಿಡ ಉಳಿಸಬಹುದು. ತಾನು ಕೆಡಿಸಿದ ಗೆಳೆಯನ ತೋಟವನ್ನು ಉಳಿಸುವುದು ಹೇಗೆ?

"ಖರೇ ಹೇಳಿದ್ರ ಅವ ನಂಬೂದಿಲ್ರಿ" ಎಂದಳು ಇಂದುಬಾಯಿ. "ಮುಚ್ಚಿಟ್ರ ನಂಬತಾನ."

ಮರುದಿನ ಮುಂಜಾನೆ ಊರೆಲ್ಲ ಎದ್ದು ಓಡಾಡುವ ಹೊತ್ತಿಗೆ ಸರಿಯಾಗಿ, ಬಾವಿಯ ಪಕ್ಕದ ಗಿಡದ ಸುತ್ತ ನಾಲ್ಕು ಗೂಟ ನೆಟ್ಟು, ಇಂದುಬಾಯಿಯ ಹಳೆಯ ಇಳಕಲ್ಲ ಸೀರೆ ಕಟ್ಟಿದರು. ಕೆಂಪು ಸೆರಗು ಮಲ್ಲಣ್ಣನ ತೋಟದ ಕಡೆಗೇ ಹಾರಾಡುವ ಹಾಗೆ ನೋಡಿಕೊಂಡರು. ಗಂಡ ಹೆಂಡತಿ ಒಳಗೆ ಸೇರಿದರು. ಮಡಿವಾಳಪ್ಪ ಕೊಳೆತ ತೊಗಟೆ ಕೆರೆದ. ಇಂದುಬಾಯಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೈಲುತುತ್ತದ ನೀಲಿ ಮದ್ದು ಕಲಸಿದಳು. ಬದುವಿನ ಕಡೆ ಒಣಗಿದ ಎಲೆ ಚರಪರ ಎಂದಿತು. ಇಂದುಬಾಯಿ ಕಣ್ಣು ಮಿಟುಕಿಸಿ, ಗುಟ್ಟು ಹೇಳುವ ದನಿಯಲ್ಲಿ, ಆದರೆ ಬಾವಿಯ ಆಚೆಯವರೆಗೆ ಕೇಳುವಷ್ಟು ಜೋರಾಗಿ ಮಾತು ತೆಗೆದಳು.

"ಏನ್ರಿ, ಸಾಹೇಬ್ರು ಯಾರಿಗೂ ಹೇಳಬ್ಯಾಡ್ರಿ ಅಂದಾರ, ನೆನಪೈತಿಲ್ಲ? ಮೈಲುತುತ್ತ, ಸುಣ್ಣಾ ಸಮ ಸಮ. ಬ್ಯಾರೆ ಬ್ಯಾರೆ ನೆನೆಸಿ ಆಮ್ಯಾಲ ಕೂಡಸಬೇಕು. ಕಬ್ಬಿಣದ ಭಾಂಡೆ ಆಗೂದಿಲ್ಲ. ಮಂದಗ ಕಲಸಿ ಹಚ್ಚೂದು."

"ಮಲ್ಲಣ್ಣಗ ಗೊತ್ತಾದ್ರ ಹ್ಯಾಂಗ?" ಎಂದು ಮಡಿವಾಳಪ್ಪ ಕೂಗಿದ.

"ಅವಗ ಹ್ಯಾಂಗ ಗೊತ್ತಾಗತೈತ್ರಿ? ಅವ ಗೊಬ್ಬರಾ ಏರಿಸಿ ಕುಂತಾನ. ಬೊಡ್ಡಿಯಿಂದ ದೂರ ಎಳೀಬೇಕು ಅನ್ನೂದು ಅವಗ ತಿಳದಿಲ್ಲ. ನೀರಂತೂ ಬೊಡ್ಡಿಗೆ ತಾಕಬಾರದು."

"ಮತ್ತ ಗಾಯಾ?"

"ಅಯ್ಯ, ಗಾಯಾ ಮಾಡಿದ್ರ ಎಲ್ಲಾ ಹಾಳು. ಅಂಟು ಒಳಗಿಂದೊಳಗ ಇಂಗಿ ಹೊಕ್ಕೈತಂತ."

ಎಲೆಯ ಚರಪರ ಓಡುತ್ತ ದೂರವಾಯಿತು.

ಮಧ್ಯಾಹ್ನ ಜೈನುದ್ದೀನ ಬಂದು, ಮಲ್ಲಣ್ಣ ಇಂಡಿಯ ಟೆಂಪೋದಿಂದ ಚೀಲ ಹೊತ್ತು ಇಳಿದದ್ದನ್ನು ವರ್ಣಿಸಿದ. "ಏನದು ಚೀಲದಾಗ ಅಂದ್ರ, ಮೈದಾ ಅಂದ್ರು. ಕೈ ನೋಡಿದ್ರ ನೀಲಿ. ನೀಲಿ ಮೈದಾ ನಾ ನೋಡಿಲ್ರಿ." ಸಂಜೆ ಮಡಿವಾಳಪ್ಪ ಬದುವಿನ ಮೇಲೆ ನಿಂತು ನೋಡಿದ. ಮಲ್ಲಣ್ಣನ ತೋಟದ ಸುತ್ತ ಇದ್ದಬದ್ದ ಸೀರೆ, ಕಂಬಳಿ, ಚಾದರಗಳೆಲ್ಲ ನೇತಾಡುತ್ತಿದ್ದವು. ಬೆಳಗಾಗುವಷ್ಟರಲ್ಲಿ ಅವನ ಆರೋಗ್ಯವಂತ ಗಿಡಗಳೆಲ್ಲ ಮೊಣಕಾಲುದ್ದ ನೀಲಿ ಚಣ್ಣ ತೊಟ್ಟ ಹಾಗೆ ನಿಂತಿದ್ದವು. ಗೊಬ್ಬರ ದೂರ ಸರಿದಿತ್ತು. ಸೋಮವಾರ ಬಂತು, ಹೋಯಿತು. ಕುಡುಗೋಲು ಮಲ್ಲಣ್ಣನ ಸೂರಿನಲ್ಲೇ ಇತ್ತು.

ಚಳಿ ಬಿತ್ತು. ಇಂದುಬಾಯಿಯ ಗಿಡದ ತುದಿಯಲ್ಲಿ ಮೊದಲು ಒಂದು, ಆಮೇಲೆ ಒಂದಿಷ್ಟು ಹಸಿರು ಚಿಗುರು ಕಣ್ಣು ಬಿಟ್ಟವು. ಅವತ್ತು ಅವಳು ಒಡ್ಡಿನ ಮೇಲಿನ ಜಾಲಿಯ ಅಂಟು ಆರಿಸಿ ತಂದು, ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಉಂಡಿ ಕಟ್ಟಿದಳು. ಮಡಿವಾಳಪ್ಪ ಹೊಸ ಸೆಲ್ಲು ಹಾಕಿದ ರೇಡಿಯೋ ಹಚ್ಚಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ. ಈಗ ಅದು ನಿಲ್ಲದೆ ಮಾತಾಡುತ್ತಿದ್ದುದರಿಂದ ಅವನಿಗೆ ಸ್ವಲ್ಪ ಬೇಸರವಾಗುತ್ತಿತ್ತು. ತಾನು ತುಂಬಿಕೊಳ್ಳಲು ಏನೂ ಉಳಿದಿರಲಿಲ್ಲ.

ಆಗ ಮಲ್ಲಣ್ಣ ಬಂದ. ಇನ್ನೂ ನೀಲಿಯಾಗಿದ್ದ ಉಗುರುಗಳನ್ನು ಅಂಗಿಯ ಕಿಸೆಯಲ್ಲಿ ಅಡಗಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡು ಕುಳಿತ. ಇಂದುಬಾಯಿ ಅವನ ಮುಂದೆ ಉಂಡಿಯ ತಟ್ಟೆ ಇಟ್ಟಳು. ಒಂದನ್ನು ತಿಂದ. ರುಚಿ ಹತ್ತಿದ್ದು ಗೊತ್ತಾಗದಂತೆ ತಿಂದ.

"ಮಡಿವಾಳಪ್ಪ, ನಿನ್ನ ಮುಂದ ಸುಳ್ಳ ಯಾಕ ಹೇಳ್ಲಿ. ಸೀರಿ ಒಳಗ ನೀವು ಮಾತಾಡಿದ್ದೆಲ್ಲಾ ನಾ ಕೇಳಿಸಿಕೊಂಡೆ. ಒಂದೂ ಬಿಡಲಾರದಂಗ ಮಾಡಿದೆ. ಕಾಯಿ ಹಿಡದಾವ, ಎಲಿ ಹಸರ ಐತಿ, ಎಲ್ಲಾ ಐತಿ. ಅಂಟು ಮಾತ್ರ ಒಂದ ಹನಿ ಬರ್ಲಿಲ್ಲೋ."

ಮಡಿವಾಳಪ್ಪ ರೇಡಿಯೋದ ದನಿ ಸಣ್ಣದು ಮಾಡಿದ. "ನಂದೂ ನಿಂತು ಹೋತಪಾ. ಒಂದ ಹನಿ ಇಲ್ಲ."

"ಪೂರಾ?"

"ಪೂರಾ."

ಮಲ್ಲಣ್ಣ ಎದ್ದು, ಬಾವಿಯವರೆಗೆ ಹೋಗಿ, ಗಿಡದ ಬೊಡ್ಡೆಯನ್ನು ಸುತ್ತಲೂ ಬಗ್ಗಿ ನೋಡಿ ಬಂದ. ಬರುವಾಗ ಅವನ ಮುಖ ಅರಳಿತ್ತು.

"ಹಂಗಾದ್ರ ಹರಕತ್ತಿಲ್ಲ ಬಿಡು" ಎಂದು ನೀಲಿ ಕೈಯನ್ನು ಕಿಸೆಯಿಂದ ತೆಗೆದು, ಎರಡನೆಯ ಉಂಡಿ ಎತ್ತಿಕೊಂಡ.